ಸ್ಟಿಯರಿಂಗ್ ದಾಟಿಸಿದವರು

ಕಾರಿನ ಸ್ಟಿಯರಿಂಗನ್ನು ಬಲಗಡೆಯಿಂದ ಎಡಗಡೆಗೆ ದಾಟಿಸುವುದೂ ಒಂದು ಉದ್ಯೋಗ ಎಂದು ದುಬೈಗೆ ಹೋಗುವವರೆಗೆ ನನಗೆ ಗೊತ್ತಿರಲಿಲ್ಲ. ಅದನ್ನೇ ಇಪ್ಪತ್ತೆಂಟು ವರ್ಷ ಮಾಡಿದ ಒಬ್ಬರು ಹೋದ ತಿಂಗಳು ಕಾರ್ಕಳದ ಹತ್ತಿರ ತಮ್ಮ ಊರಿನಲ್ಲಿ ತೀರಿಕೊಂಡರು. ಫೋನು ಮಾಡಿದವಳು ಅವರ ಮಗಳು. ಅಪ್ಪನ ಹಳೆಯ ಡೈರಿಯಲ್ಲಿ ನನ್ನ ನಂಬರಿನ ಮುಂದೆ ‘ಇನ್ಶೂರೆನ್ಸ್ ಮಾರಾಯ್ರು’ ಎಂದಷ್ಟೇ ಬರೆದಿತ್ತಂತೆ. ಇಷ್ಟು ವರ್ಷದ ಸ್ನೇಹದಲ್ಲಿ ಅವರಿಗೆ ನನ್ನ ಹೆಸರು ಗೊತ್ತಿತ್ತೋ ಇಲ್ಲವೋ, ಈಗ ಕೇಳುವಂತೆಯೂ ಇಲ್ಲ. ಈ ವಯಸ್ಸಿನಲ್ಲಿ ಇಂಥ ಫೋನುಗಳು ಬರುತ್ತಲೇ ಇರುತ್ತವೆ. ‘ಅಯ್ಯೋ, ಪಾಪ’ ಎಂದು ಇಟ್ಟುಬಿಡುವುದು ಅಭ್ಯಾಸವಾಗಿದೆ. ಆದರೆ ಅವತ್ತು ಮಧ್ಯಾಹ್ನ ಊಟ ಸೇರಲಿಲ್ಲ.

ಎಲ್ಲರೂ ಅವರನ್ನು ಮೇಸ್ತ್ರಿ ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ.

ನಮ್ಮಲ್ಲಿ ಗಾಡಿಗಳು ರಸ್ತೆಯ ಎಡಕ್ಕೆ ಓಡುತ್ತವೆ, ಸ್ಟಿಯರಿಂಗು ಬಲಕ್ಕಿರುತ್ತದೆ. ಅಲ್ಲಿ ಎಲ್ಲವೂ ಅದಲು ಬದಲು. ಜೆಬೆಲ್ ಅಲಿ ಬಂದರಿಗೆ ಹಡಗಿನಲ್ಲಿ ಬಂದಿಳಿಯುತ್ತಿದ್ದ ಹಳೆಯ ಗಾಡಿಗಳಲ್ಲಿ ಬಹಳಷ್ಟು ಬಲಗಡೆಯವು. ಅವು ಅಲ್ಲಿನ ರಸ್ತೆಗೆ ಇಳಿಯಬೇಕಾದರೆ ಸ್ಟಿಯರಿಂಗು ಎಡಕ್ಕೆ ಬರಬೇಕು. ಬರೀ ಚಕ್ರ ಕಿತ್ತು ಆ ಕಡೆ ಸಿಕ್ಕಿಸುವ ಕೆಲಸವಲ್ಲ ಅದು. ಪೆಡಲು, ಬ್ರೇಕಿನ ಕೊಳವೆ, ವೈಪರು, ಡ್ಯಾಶ್‌ಬೋರ್ಡು, ವೈರು, ಎಲ್ಲ ಬಿಚ್ಚಬೇಕು. ಎಂಜಿನ್ನಿಗೂ ಒಳಗೆ ಕೂತವರಿಗೂ ನಡುವೆ ಇರುವ ತಗಡಿನ ಗೋಡೆಯಲ್ಲಿ ಒಂದು ಕಡೆ ತೂತು ಮುಚ್ಚಿ ಇನ್ನೊಂದು ಕಡೆ ತೂತು ಕೊರೆಯಬೇಕು. ಬಹಳ ಜನ ಈ ಕೆಲಸವನ್ನು ಅಡ್ಡಾದಿಡ್ಡಿ ಮಾಡುತ್ತಿದ್ದರು. ಹಾಗೆ ಮಾಡಿದ ಗಾಡಿಗಳು ಗುದ್ದಿಸಿಕೊಂಡು ನನ್ನ ಹತ್ತಿರ ಬರುತ್ತಿದ್ದವು. ನಾನು ದುಬೈನ ದೇರಾದ ಒಂದು ವಿಮಾ ಕಂಪನಿಯಲ್ಲಿ ಸರ್ವೇಯರ್ ಆಗಿದ್ದೆ. ಜಖಂ ಆದ ಗಾಡಿ ನೋಡಿ ವರದಿ ಬರೆಯುವುದು ನನ್ನ ಕೆಲಸ. ಧಾರವಾಡದಲ್ಲಿ ಎಂಜಿನಿಯರಿಂಗ್ ಓದಿದ್ದು ಇದಕ್ಕೇನಾ ಎಂದು ದಿನಕ್ಕೊಮ್ಮೆ ಅನ್ನಿಸುತ್ತಿತ್ತು.

ಮೊದಲ ಸಲ ಅವರನ್ನು ಹುಡುಕಿಕೊಂಡು ಹೋದದ್ದು ಒಂದು ಚುಕ್ಕಿಯ ಕಾರಣಕ್ಕೆ. ಮುಂಭಾಗ ಪೂರ್ತಿ ಒಳಕ್ಕೆ ಹೋದ ಒಂದು ವ್ಯಾನು ಬಂದಿತ್ತು. ಕಾಗದ ನೋಡಿದರೆ ಬಲಗಡೆಯದನ್ನು ಎಡಕ್ಕೆ ತಂದ ಗಾಡಿ. ಆದರೆ ಬೆಸುಗೆ ಎಲ್ಲಿದೆ ಎಂದೇ ಗೊತ್ತಾಗಲಿಲ್ಲ. ಕೊನೆಗೆ ಬ್ರೇಕ್ ಪೆಡಲಿನ ಹಿಂದೆ, ತಗಡಿನ ಗೋಡೆಯ ಮೇಲೆ, ಪಂಚಿನಿಂದ ಹೊಡೆದ ಒಂದು ಸಣ್ಣ ಚುಕ್ಕಿ ಕಂಡಿತು. ಇದೇನೆಂದು ವಿಚಾರಿಸುತ್ತಾ ಅಲ್ ಕೂಜ್‌ನ ಗ್ಯಾರೇಜೊಂದಕ್ಕೆ ಹೋದೆ. ಆಯಿಲ್ ಡಬ್ಬ ಬೋರಲು ಹಾಕಿಕೊಂಡು ಅದರ ಮೇಲೆ ಕೂತಿದ್ದ ತೆಳ್ಳಗಿನ ಮನುಷ್ಯ ತಲೆ ಎತ್ತದೇ, “ಚುಕ್ಕಿ ಉಂಟಾ? ಹಾಗಾದ್ರೆ ನಂದೇ,” ಎಂದರು.

“ಯಾಕ್ರಿ ಹೊಡೀತೀರಿ ಇದನ್ನ?” ಎಂದೆ.

“ನಾಳೆ ಯಾರಾದ್ರೂ ಬಂದು ಬ್ರೇಕ್ ಹಿಡೀಲಿಲ್ಲ ಅಂತ ಬೈದ್ರೆ, ನಾನು ಮಾಡಿದ್ದಾ ಬೇರೆಯವ ಮಾಡಿದ್ದಾ ಅಂತ ಗೊತ್ತಾಗ್ಬೇಕಲ್ಲ ಮಾರಾಯ್ರೆ. ಬೇರೆಯವನ ತಪ್ಪಿಗೆ ನಾನ್ಯಾಕೆ ಬೈಸ್ಕೊಳ್ಳುದು?”

“ಇದು ಹಿಡದಿಲ್ಲೇನ್ರಿ ಮತ್ತ?”

“ಬ್ರೇಕ್ ಹಿಡಿದಿರ್ತದೆ. ಡ್ರೈವರಿಗೆ ನಿದ್ದೆ ಹಿಡಿದಿರ್ತದೆ. ನೀವು ಟಯರಿನ ಗುರುತು ನೋಡಿ.”

ನೋಡಿದೆ. ರಸ್ತೆಯ ಮೇಲೆ ಬ್ರೇಕಿನ ಗೆರೆ ಗುದ್ದಿದ ಜಾಗಕ್ಕೆ ಎರಡು ಮಾರು ಮೊದಲಷ್ಟೇ ಶುರುವಾಗಿತ್ತು, ಅವರು ಹೇಳಿದ್ದೇ ಸರಿ. ಆಮೇಲೆ ವಾರಕ್ಕೊಮ್ಮೆಯಾದರೂ ಆ ಕಡೆ ಹೋಗುವುದು ರೂಢಿಯಾಯಿತು. ಅವರು ತಮ್ಮ ಫ್ಲಾಸ್ಕಿನ ಹಾಲಿಲ್ಲದ ಸುಲೈಮಾನಿ ಚಹಾದಲ್ಲಿ ಅರ್ಧ ನನಗೆ ಬಗ್ಗಿಸಿ ಕೊಡುವರು, ನಾನು ಆಫೀಸಿನ ಮೇಲಿನ ಸಿಟ್ಟನ್ನೆಲ್ಲ ಅವರ ಮುಂದೆ ಬಗ್ಗಿಸುವೆ. ಅವರು ತೊಳೆಯುವ ಪುಡಿಗೆ ಮರಳು ಬೆರೆಸಿ ಕೈ ಉಜ್ಜಿಕೊಳ್ಳುತ್ತಾ ಕೇಳುತ್ತಿದ್ದರು, ಅಷ್ಟೆ.

ಮಾತು ಕಡಿಮೆ. ಇದ್ದ ಒಂದೆರಡು ಮಾತುಗಳನ್ನೇ ಎಲ್ಲದಕ್ಕೂ ಬಳಸುತ್ತಿದ್ದರು. “ಗಾಡಿಗೆ ಗೊತ್ತಾಗ್ಬಾರ್ದು” ಎನ್ನುವುದು ಅದರಲ್ಲೊಂದು. ಸ್ಟಿಯರಿಂಗು ಎಡಕ್ಕೆ ಬಂದದ್ದು ಸ್ವತಃ ಗಾಡಿಗೂ ತಿಳಿಯಬಾರದು, ತಾನು ಹುಟ್ಟಿದ್ದೇ ಹೀಗೆ ಎಂದುಕೊಂಡು ಅದು ಓಡಬೇಕು. ಅವರ ಜೊತೆ ಕೆಲಸ ಮಾಡುತ್ತಿದ್ದ ಪೇಶಾವರದ ಪಠಾಣನಿಗೂ ಈ ಮಾತನ್ನು ಕನ್ನಡದಲ್ಲೇ ಹೇಳುತ್ತಿದ್ದರು. ಅವನಿಗೆ ಅರ್ಥವಾಗುತ್ತಿತ್ತು.

ಎರಡು ವರ್ಷಕ್ಕೊಮ್ಮೆ ಎರಡು ತಿಂಗಳು ಊರಿಗೆ ಹೋಗುತ್ತಿದ್ದರು. ಹೋಗಿ ಬಂದಾಗಲೆಲ್ಲ ಇನ್ನಷ್ಟು ದಣಿದಿರುತ್ತಿದ್ದರು. “ರಜೆ ಹೆಂಗಿತ್ರಿ?” ಎಂದರೆ, “ಎಂತ ರಜೆ ಮಾರಾಯ್ರೆ. ಬಾಡಿಗೆ ಕಾರಿಗೆ ಹತ್ತುವಾಗೆಲ್ಲ ಡ್ರೈವರನ ಬಾಗ್ಲಿಗೇ ಹೋಗಿ ನಿಲ್ತೇನೆ. ಹೆಂಡ್ತಿ ನೆಗಾಡ್ತಾಳೆ. ಮಗಳಿಗೆ ನಾಚಿಕೆ ಆಗ್ತದೆ,” ಎನ್ನುತ್ತಿದ್ದರು. ದುಬೈನಲ್ಲೂ ಯಾರದಾದರೂ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕೂತರೆ ಅವರ ಬಲಗಾಲು ಸುಮ್ಮನೆ ಇರುತ್ತಿರಲಿಲ್ಲ. ಇಲ್ಲದ ಬ್ರೇಕನ್ನು ಒತ್ತುತ್ತಲೇ ಇರುತ್ತಿತ್ತು.

ಆ ಇಂಗ್ಲಿಷ್ ಕಾರು ಬಂದದ್ದು ತೊಂಬತ್ತರ ದಶಕದ ನಡುವಿನಲ್ಲಿ. ಜೆಬೆಲ್ ಅಲಿಯಲ್ಲಿ ಕ್ರೇನುಗಳ ಎಂಜಿನಿಯರ್ ಆಗಿದ್ದ ಒಬ್ಬ ಇಂಗ್ಲಿಷಿನವನು ತನ್ನ ಊರಿನಿಂದ ಅದನ್ನು ತರಿಸಿದ್ದ. ನೋಡಲಿಕ್ಕೆ ಏನೂ ಇಲ್ಲ. ಹಿಂದೆ ಡಿಕ್ಕಿಯ ಬದಲು ಮೇಲಕ್ಕೆತ್ತುವ ಬಾಗಿಲಿರುವ ಗಿಡ್ಡ ಕಾರು, ಗಾಢ ಹಸಿರು ಬಣ್ಣ. ಇಂಗ್ಲೆಂಡಿನಲ್ಲಿ ಹೆಂಗಸರು ಮಕ್ಕಳನ್ನು ಶಾಲೆಗೆ ಬಿಡಲು, ತರಕಾರಿ ತರಲು ಓಡಿಸುವಂಥದ್ದು. ಆದರೆ ಕಂಪನಿಯವರು ಯಾವುದೋ ಹುಕಿಗೆ ಬಿದ್ದು ಕೆಲವೇ ಕೆಲವು ಕಾರುಗಳಿಗೆ ರೇಸಿನ ಎಂಜಿನ್ ಕೂರಿಸಿ, ಪ್ರತಿಯೊಂದಕ್ಕೂ ಸರತಿ ಸಂಖ್ಯೆ ಕೊರೆದ ಸಣ್ಣ ತಗಡು ಅಂಟಿಸಿ ಮಾರಿದ್ದರಂತೆ. ಇದು ಅವುಗಳಲ್ಲಿ ಒಂದು. ಎಲ್ಲವೂ ಬಲಗಡೆ ಸ್ಟಿಯರಿಂಗಿನವು. ಎಡಗಡೆಯದು ಒಂದನ್ನೂ ಅವರು ಮಾಡಲೇ ಇಲ್ಲ.

ಇಂಗ್ಲಿಷಿನವನು ನಾಲ್ಕು ಗ್ಯಾರೇಜು ಸುತ್ತಿ ಸೋತು ಮೇಸ್ತ್ರಿಯ ಹತ್ತಿರ ಬಂದಿದ್ದ. ಇಂಥ ಕಾರಿಗೆ ಕೈ ಹಾಕಿ ಕೆಡಿಸಿದರೆ ಯಾರು ಉತ್ತರ ಹೇಳಬೇಕು ಎಂದು ಎಲ್ಲರೂ ಹಿಂದೆ ಸರಿದಿದ್ದರು. ಮೇಸ್ತ್ರಿ ಬಾನೆಟ್ ಎತ್ತಿ ನೋಡಿದರು. ಒಳಗೆ ಬೆರಳು ತೂರಿಸಲೂ ಜಾಗವಿರಲಿಲ್ಲ. ಎಂಜಿನ್ ಆ ಕಾರಿಗೆ ದೊಡ್ಡದು. ಎಡಗಡೆಗೆ ಸ್ಟಿಯರಿಂಗಿನ ಕಂಬಿ ಇಳಿಯಬೇಕಾದ ದಾರಿಗೆ ಸರಿಯಾಗಿ ಸೈಲೆನ್ಸರಿನ ಕೊಳವೆ ಅಡ್ಡ ಇತ್ತು. ಅವರು ಬಾನೆಟ್ ಇಳಿಸಿ ಒಂದು ಸುತ್ತು ಹಾಕಿ ಬಂದು, ಮತ್ತೆ ಎತ್ತಿ ನೋಡಿ, “ಆಯ್ತು, ಬಿಟ್ಟು ಹೋಗ್ಲಿ,” ಎಂದರು.

ಆರು ತಿಂಗಳು ಹಿಡಿಯಿತು. ಗ್ಯಾರೇಜಿನ ಕೆಲಸ ಬಿಡುವಂತಿರಲಿಲ್ಲವಾದ್ದರಿಂದ ಶುಕ್ರವಾರದ ರಜೆಗಳನ್ನೆಲ್ಲ ಇದಕ್ಕೆ ಕೊಟ್ಟರು. ಶಾರ್ಜಾದ ಗುಜರಿಯಲ್ಲಿ ಅದೇ ಜಾತಿಯ ಸಾಮಾನ್ಯ ಕಾರೊಂದು ಹುಡುಕಿ ಎಡಗಡೆಯ ಸಾಮಾನು ತಂದರು. ಹೊಂದದಿದ್ದದ್ದನ್ನು ಕೈಯಲ್ಲೇ ಮಾಡಿದರು. ಆ ಕಂಬಿಯನ್ನು ಮೂರು ತುಂಡು ಮಾಡಿ ನಡುವೆ ಎರಡು ಕೀಲು ಕೊಟ್ಟು ಕೊಳವೆಯ ಪಕ್ಕದಿಂದ ಬಳಸಿ ತಂದದ್ದನ್ನು ನನಗೆ ಟಾರ್ಚು ಹಿಡಿದು ತೋರಿಸಿದ್ದರು. ಅವರು ತಾವಾಗಿ ಕರೆದು ತಮ್ಮ ಕೆಲಸ ತೋರಿಸಿದ್ದು ಅದೊಂದೇ ಸಲ. ಬಿಚ್ಚಿದ ಹಳೆಯ ಸಾಮಾನುಗಳನ್ನು, ತಗಡಿನಿಂದ ಕತ್ತರಿಸಿ ತೆಗೆದ ಬಿಲ್ಲೆಗಳನ್ನೂ ಬಿಡದೆ, ಊರಿನಿಂದ ಬಂದ ಕನ್ನಡ ಪೇಪರಿನಲ್ಲಿ ಸುತ್ತಿ, ಹೆಸರು ಬರೆದು, ಅಟ್ಟದ ಮೇಲಿಟ್ಟರು. ಯಾಕೆಂದು ಕೇಳಿದರೆ “ಬಿಸಾಡ್ಲಿಕ್ಕೆ ಮನಸ್ಸು ಬರುದಿಲ್ಲ” ಎಂದರು.

ಸರ್ಕಾರದ ತಪಾಸಣೆಯಲ್ಲಿ ಗಾಡಿ ಒಂದೇ ಸಲಕ್ಕೆ ಪಾಸಾಯಿತು. ಅವತ್ತು ಇಂಗ್ಲಿಷಿನವನು ಮೇಸ್ತ್ರಿಯನ್ನೂ ನನ್ನನ್ನೂ ಕೂರಿಸಿಕೊಂಡು ಊರಾಚೆಯ ಹತ್ತಾ ರಸ್ತೆಯಲ್ಲಿ ಓಡಿಸಿದ. ಏಸಿ ಇಲ್ಲದ ಕಾರು, ಮೈಯೆಲ್ಲ ಬೆವರು. ನಾನು ಜೀವ ಕೈಯಲ್ಲಿ ಹಿಡಿದು ಹಿಂದೆ ಕೂತಿದ್ದೆ. ಮುಂದಿನ ಸೀಟಿನಲ್ಲಿದ್ದ ಮೇಸ್ತ್ರಿಯ ಬಲಗಾಲು ಮಾತ್ರ ಅವತ್ತು ಅಲುಗಾಡಲಿಲ್ಲ.

ಇಂಗ್ಲಿಷಿನವನು ಆ ಕಾರನ್ನು ಏಳೆಂಟು ವರ್ಷ ಓಡಿಸಿದ. ಬೆನ್ನು ನೋವು ಶುರುವಾಗಿ ಕೆಲಸ ಬಿಟ್ಟು ಊರಿಗೆ ಹೊರಟಾಗ ಕಾರನ್ನು ಮೇಸ್ತ್ರಿಯ ಹೆಸರಿಗೆ ಮಾಡಿಸಿ ಕೀಲಿ ಕೊಟ್ಟು ಹೋದ. ಮೇಸ್ತ್ರಿ ಅದನ್ನು ಗ್ಯಾರೇಜಿನ ಹಿಂದಿನ ಅಂಗಳದಲ್ಲಿ ತಗಡಿನ ನೆರಳಿಗೆ ನಿಲ್ಲಿಸಿದರು. ಆರು ಜನ ಮಲಗುವ ರೂಮಿನಲ್ಲಿ ಒಂದು ಮಂಚದ ಜಾಗ ಇದ್ದ ಮನುಷ್ಯನಿಗೆ ಒಂದು ಕಾರು! ಬೆಳಿಗ್ಗೆ ಬಂದ ಕೂಡಲೇ ಎಂಜಿನ್ ಚಾಲೂ ಮಾಡಿ, ಚಹಾ ಮುಗಿಯುವವರೆಗೆ ಬಿಟ್ಟು, ಆರಿಸುತ್ತಿದ್ದರು. ವಾರಕ್ಕೊಮ್ಮೆ ಅಲ್ಲೇ ಸುತ್ತಮುತ್ತ ಒಂದು ಸುತ್ತು ಹೊಡೆಸುತ್ತಿದ್ದರು. ಅವರ ಮುಖದ ಮೇಲೆ ನಗು ಎನ್ನುವಂಥದ್ದನ್ನು ನಾನು ನೋಡಿದ್ದು ಆ ಸುತ್ತು ಮುಗಿಸಿ ಬಂದಾಗಲೇ.

ಆಮೇಲೆ ದುಬೈ ಒಂದೇ ಸಮನೆ ಎದ್ದು ನಿಲ್ಲತೊಡಗಿತು. ಗ್ಯಾರೇಜಿನ ಜಾಗವನ್ನು ಮೂರು ತಿಂಗಳಲ್ಲಿ ತೆರವು ಮಾಡಬೇಕೆಂದು ನೋಟಿಸು ಬಂತು. ಗ್ಯಾರೇಜಿನ ಅರಬ್ಬಿ ಯಜಮಾನರಿಗೂ ಸಾಕಾಗಿತ್ತು. “ಖಲಾಸ್. ಮುಚ್ಚಿಬಿಡೋಣ,” ಎಂದರು. ಮೇಸ್ತ್ರಿಗೆ ಆಗಲೇ ಅರವತ್ತರ ಹತ್ತಿರ, ವೀಸಾ ಇನ್ನು ಮುಂದುವರಿಯುವಂತಿರಲಿಲ್ಲ. ಅವರು ಊರಿಗೆ ಹೊರಡುವುದು ಖಂಡಿತವಾಯಿತು. ಅಂಗಳದಲ್ಲಿದ್ದ ಹಳೆಯ ಗಾಡಿಗಳೆಲ್ಲ ಗುಜರಿಗೆ ಹೋಗಿ ಚಪ್ಪಟೆಯಾಗುವುದೂ ಖಂಡಿತವಾಯಿತು. ಅಷ್ಟು ಹಳೆಯ ಗಾಡಿ ತರಲು ನಮ್ಮ ಸರ್ಕಾರ ಬಿಡದು, ಹಸಿರು ಕಾರನ್ನು ಊರಿಗೆ ಒಯ್ಯುವಂತಿಲ್ಲ. ರಸ್ತೆಯ ಮೇಲೆ ಬಿಟ್ಟರೆ ಮುನ್ಸಿಪಾಲಿಟಿಯವರು ಎತ್ತಿಕೊಂಡು ಹೋಗುತ್ತಾರೆ. ನಾನು ಕೊಳ್ಳೋಣವೆಂದರೆ ಆ ಎಂಜಿನ್ನಿಗೆ ನನಗೆ ಧೈರ್ಯವಿರಲಿಲ್ಲ, ಇಡಲಿಕ್ಕೆ ಜಾಗವೂ ಇರಲಿಲ್ಲ. ಇದನ್ನು ಈಗ ಬರೆಯುವಾಗ ನೆಪದ ಹಾಗೆ ಕಾಣುತ್ತದೆ, ಕಾಣಲಿ.

ನನ್ನ ಕೈಲಾದದ್ದು ಒಂದು ಮಾಡಿದೆ. ಅಬುಧಾಬಿಯ ಖಾಲಿದಿಯಾದಲ್ಲಿ ಹಳೆಯ ಕಾರುಗಳನ್ನು ಕೂಡಿಡುವ ಅರಬ್ಬಿ ಶ್ರೀಮಂತರೊಬ್ಬರು ನಮ್ಮ ಕಂಪನಿಯ ಗ್ರಾಹಕರಾಗಿದ್ದರು. ಅವರಿಗೆ ಸುದ್ದಿ ಮುಟ್ಟಿಸಿದೆ. ಅವರು ಮರುದಿನವೇ ಬಂದರು. ಸಂಖ್ಯೆಯ ತಗಡು ನೋಡಿ ಕಣ್ಣು ಅರಳಿತು. ಸ್ಟಿಯರಿಂಗು ನೋಡಿ ಮುಖ ಬಾಡಿತು. ನಮ್ಮ ಜೊತೆ ಹಿಂದಿಯಲ್ಲೇ ಮಾತಾಡಿದರು. “ಇದು ಬಲಗಡೆಯದು. ಎಡಕ್ಕೆ ತಂದದ್ದು ಅದ್ಭುತ ಕೆಲಸ, ಒಪ್ಪಿದೆ. ಆದರೆ ನನಗೆ ಬೇಕಾದದ್ದು ಕಾರ್ಖಾನೆ ಬಿಟ್ಟಾಗ ಹೇಗಿತ್ತೋ ಹಾಗೆ. ಅದು ಓಡುವುದು ಬೇಡ, ನನ್ನ ಹಾಲಿನಲ್ಲಿ ನಿಂತಿರುತ್ತದೆ. ಹಾಗೆ ಮಾಡಿ ಕೊಡಲಿಕ್ಕಾಗುತ್ತದಾ? ಈ ಸರ್ವೇಯರೇ ನೋಡಿ ವರದಿ ಬರೆಯಲಿ. ಬದಲಾಯಿಸಿದ ಒಂದು ಗುರುತು ಅವರಿಗೆ ಸಿಕ್ಕಿದರೂ ನಾನು ತೆಗೆದುಕೊಳ್ಳುವುದಿಲ್ಲ.”

ಮೇಸ್ತ್ರಿ ಯೋಚಿಸಲೇ ಇಲ್ಲ. “ಆಗ್ತದೆ,” ಎಂದರು.

ಶ್ರೀಮಂತರು ಹೋದ ಮೇಲೆ ನಾನು ರೇಗಿದೆ. “ಏನ್ರಿ ಮೇಸ್ತ್ರಿ, ತಲಿ ಕೆಟ್ಟದೇನ್ರಿ ನಿಮಗ? ಓಡೂ ಗಾಡೀನ ನಿಲ್ಲಸಾಕಂತ ಬಿಚ್ಚತೀರೇನು? ಜಗತ್ತಿನ್ಯಾಗ ಇಂಥಾದ್ದು ಎಡಗಡೀದು ಇದೊಂದ ಅದ. ಅದು ನಿಮ್ಮ ಕೆಲಸಾರೀ.”

“ನನ್ನ ಕೆಲಸ ಉಳೀಬೇಕು ಅಂತ ಕೂತ್ರೆ ಗಾಡಿ ಗುಜರಿಗೆ ಹೋಗ್ತದೆ. ಗಾಡಿಯೇ ಹೋದ್ಮೇಲೆ ನನ್ನ ಕೆಲಸ ಎಲ್ಲಿ ಉಳಿಯುದು ಮಾರಾಯ್ರೆ? ನಿಂತಾದ್ರೂ ಇರ್ಲಿ. ಚಪ್ಪಟೆ ಮಾಡುದಕ್ಕಿಂತ ಒಳ್ಳೇದಲ್ವಾ?”

“ಬ್ಯಾರೆಯವರ ಕಡಿಂದ ಬಿಚ್ಚಸ್ರಿ ಹಂಗಾರ. ನೀವ ಯಾಕ?”

“ಬೇರೆಯವ ಬಿಚ್ಚುದಿಲ್ಲ, ಕತ್ತರಿಸ್ತಾನೆ,” ಎಂದರು.

ಆ ಬೇಸಿಗೆಯನ್ನು ನೆನೆದರೆ ಈಗಲೂ ಸುಸ್ತಾಗುತ್ತದೆ. ಅವರ ಬಲಗಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಊರಿಗೆ ಹೋದ ಮೇಲೆ ಎಂದು ಮುಂದೆ ಹಾಕಿದ್ದರು. ಬಲ್ಬನ್ನು ಮುಖದ ಹತ್ತಿರ ಎಳೆದುಕೊಂಡು, ಎಡಗಣ್ಣು ಒಂದರಿಂದಲೇ ನೋಡುತ್ತಾ, ಹತ್ತು ವರ್ಷದ ಹಿಂದೆ ತಾವು ಹಾಕಿದ ಬೆಸುಗೆಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದರು. ಸುತ್ತ ಗ್ಯಾರೇಜು ಖಾಲಿಯಾಗುತ್ತಿತ್ತು. ಒಂದು ದಿನ ಲಿಫ್ಟು ಹೋಯಿತು, ಇನ್ನೊಂದು ದಿನ ಕಂಪ್ರೆಸರ್ ಹೋಯಿತು. ಪಠಾಣ ತಬ್ಬಿಕೊಂಡು ಅತ್ತು ಪೇಶಾವರಕ್ಕೆ ಹೋದ. ಅಟ್ಟದಿಂದ ಪೇಪರಿನ ಪೊಟ್ಟಣಗಳು ಇಳಿದವು. ಕತ್ತರಿಸಿ ತೆಗೆದಿಟ್ಟಿದ್ದ ಬಿಲ್ಲೆಗಳು ತಮ್ಮ ತಮ್ಮ ತೂತುಗಳಿಗೆ ಮರಳಿ ಕೂತವು. ನಡುವೆ ನಾನು ಹೋದಾಗ ಮೂರು ತುಂಡಿನ ಆ ಕಂಬಿ ನೆಲದ ಮೇಲೆ ಬಿದ್ದಿತ್ತು. “ಇದನ್ನರ ನಾ ಇಟಗೋತೀನ್ರಿ,” ಎಂದೆ. “ಎಂತಕ್ಕೆ? ಅದು ಬೇರೆ ಯಾವ ಗಾಡಿಗೂ ಆಗುದಿಲ್ಲ,” ಎಂದು ಗುಜರಿಯ ರಾಶಿಗೆ ಎಸೆದರು. ನನಗೆ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ಜಾಗ ಬಿಡಲು ಹತ್ತು ದಿನ ಇರುವಾಗ ಫೋನು ಮಾಡಿದರು. “ಬನ್ನಿ. ಸ್ನೇಹ ಅಂತ ನೋಡ್ಬೇಡಿ. ಕಳ್ಳನನ್ನು ಹುಡುಕುವ ಹಾಗೆ ಹುಡುಕಿ.”

ಹುಡುಕಿದೆ. ಕಾರಿನ ಕೆಳಗೆ ಮಲಗಿ, ಒಳಗೆ ತಲೆಕೆಳಗಾಗಿ ತೂರಿ, ಟಾರ್ಚು ಹಿಡಿದು ಪೂರ್ತಿ ಎರಡು ತಾಸು ನೋಡಿದೆ. ಅವರು ಡಬ್ಬದ ಮೇಲೆ ಕೂತಿದ್ದರು. ಸಿಗಲಿ ಎಂದು ನನಗೆ ಆಸೆ ಇತ್ತು. ಸಿಗಬಾರದು ಎಂದೂ ಇತ್ತು. ಇಪ್ಪತ್ತು ವರ್ಷ ಬೇರೆಯವರ ತಪ್ಪು ಹುಡುಕಿ ಹೊಟ್ಟೆ ಹೊರೆದವನು ನಾನು, ನನಗೆ ಏನೂ ಸಿಗಲಿಲ್ಲ. ಬೆಸುಗೆಯಿಲ್ಲ, ಉಬ್ಬಿಲ್ಲ, ಬಣ್ಣದ ಒಂದು ಛಾಯೆ ಹೆಚ್ಚು ಕಡಿಮೆಯಿಲ್ಲ. ಕೊನೆಗೆ ಎಡಗಡೆ, ಮೊದಲು ಬ್ರೇಕ್ ಪೆಡಲು ಇದ್ದ ಜಾಗದಲ್ಲಿ, ಕೈ ಹಾಕಿ ಚುಕ್ಕಿಗಾಗಿ ತಡಕಾಡಿದೆ. ಅದನ್ನೂ ತುಂಬಿಸಿ ಉಜ್ಜಿ ಒರೆಸಿದ್ದರು. ಬೆರಳಿಗೆ ನುಣ್ಣಗಿನ ತಗಡು ಸಿಕ್ಕಿತು. ಹೊರಗೆ ಬಂದಾಗ ನನ್ನ ಕಣ್ಣಲ್ಲಿ ನೀರಿತ್ತು. ಬೆವರು ಎಂದುಕೊಂಡಿರಬೇಕು, ಅವರು ಬಟ್ಟೆ ಕೊಟ್ಟರು.

“ಸಿಕ್ತಾ?”

“ಇಲ್ರಿ.”

“ಹಾಗಾದ್ರೆ ಬರೀರಿ.”

ಫಾರಮಿನಲ್ಲಿ ‘ಷರಾ’ ಎಂದು ಕೆಳಗೆ ಎರಡು ಸಾಲಿನ ಜಾಗವಿರುತ್ತದೆ. “ಇಲ್ಲೆ ನಿಮ್ಮ ಹೆಸರು ಬರೀತೀನ್ರಿ. ಎಡಕ್ಕ ತಂದವರೂ ಇವರ, ಬಲಕ್ಕ ಒಯ್ದವರೂ ಇವರ ಅಂತ. ಎಲ್ಲೆರ ಒಂದ ಕಡೆ ಇರಲಿ,” ಎಂದೆ.

ಅವರು ನನ್ನ ಪೆನ್ನಿನ ಮೇಲೆ ಕೈ ಇಟ್ಟರು. “ಬೇಡ. ನೀವು ಡ್ಯಾಮೇಜ್ ಬರಿಯುವವರು, ನಿಮ್ಗೆ ಗೊತ್ತಿರ್ಬೇಕಲ್ಲ. ನನ್ನ ಹೆಸರು ಅಂದ್ರೆ ಆ ಗಾಡಿಗೆ ಒಂದು ಡ್ಯಾಮೇಜ್, ಅಷ್ಟೆ.”

‘ಬದಲಾವಣೆಯ ಯಾವ ಗುರುತೂ ಕಾಣಲಿಲ್ಲ’ ಎಂದು ಬರೆದು ಸಹಿ ಮಾಡಿದೆ. ಆ ಕೆಲಸದಲ್ಲಿದ್ದಷ್ಟು ಕಾಲ ನಾನು ಬರೆದ ವರದಿಗಳಲ್ಲಿ ಅಕ್ಷರಶಃ ನಿಜವಾದದ್ದು ಅದು. ಅದಕ್ಕಿಂತ ದೊಡ್ಡ ಸುಳ್ಳನ್ನೂ ನಾನು ಬರೆದಿಲ್ಲ.

ಮೇಸ್ತ್ರಿಯ ವಿಮಾನಕ್ಕೆ ಮೂರು ದಿನ ಮೊದಲು ಖಾಲಿದಿಯಾದ ಆ ಶ್ರೀಮಂತರು ತಮ್ಮ ಹಾಲಿಗೆ ಹತ್ತಿಪ್ಪತ್ತು ಜನರನ್ನು ಕರೆದಿದ್ದರು. ನಮ್ಮಿಬ್ಬರಿಗೂ ಹೇಳಿಕಳಿಸಿದ್ದರು. ಮೇಸ್ತ್ರಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದರು. ಬಸ್ಸಿನಲ್ಲಿ ಎರಡು ತಾಸು ಕೂತರೂ ಅದು ಮುದುಡದ ಹಾಗೆ ನೋಡಿಕೊಂಡಿದ್ದರು. ಹಾಲಿನಲ್ಲಿ ತಣ್ಣನೆಯ ಏಸಿ, ಅಮೃತಶಿಲೆಯ ನೆಲ. ಸುತ್ತ ಕೆಂಪು ಹಗ್ಗ ಕಟ್ಟಿ ನಡುವೆ ಹಸಿರು ಕಾರು ನಿಲ್ಲಿಸಿದ್ದರು. ಇಂಗ್ಲೆಂಡಿನಿಂದ ಬಂದಿದ್ದ ಒಬ್ಬ ವಯಸ್ಸಾದ ಪರಿಣತ ಕನ್ನಡಕ ಏರಿಸಿ, ಇಳಿಸಿ, ಅರ್ಧ ತಾಸು ಅದರೊಳಗೆ ಇಣುಕಿ ನೋಡಿ ಹೊರಬಂದ. ಉಳಿದಿರುವ ಇಂಥ ಕಾರುಗಳನ್ನು ಬಹುಮಟ್ಟಿಗೆ ಎಲ್ಲ ನೋಡಿದ್ದೇನೆ, ಎಲ್ಲದಕ್ಕೂ ಯಾರಾದರೂ ಕೈ ಹಾಕಿಯೇ ಇರುತ್ತಾರೆ, ಇದೊಂದನ್ನು ಮಾತ್ರ ಕಾರ್ಖಾನೆ ಬಿಟ್ಟ ಮೇಲೆ ಯಾರೂ ಮುಟ್ಟಿಲ್ಲ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಶ್ರೀಮಂತರು ಒಂದು ಕ್ಷಣ ನಮ್ಮ ಕಡೆ ನೋಡಿ ಏನೋ ಹೇಳಲು ಬಾಯಿ ತೆರೆದರು. ಮೇಸ್ತ್ರಿ ಬೇಡವೆಂದು ತಲೆ ಅಲ್ಲಾಡಿಸಿದರು. ಆಮೇಲೆ ಎಲ್ಲರ ಜೊತೆ ತಾವೂ ಚಪ್ಪಾಳೆ ತಟ್ಟಿದರು.

ಜನ ಕಾಫಿ, ಖರ್ಜೂರದ ಕಡೆಗೆ ಚದುರಿದರು. ಮೇಸ್ತ್ರಿ ಕಾರಿನ ಬಲಬಾಗಿಲನ್ನೇ ನೋಡುತ್ತಿದ್ದರು. ಆ ಪರಿಣತ ಇಳಿಯುವಾಗ ಅದನ್ನು ಸರಿಯಾಗಿ ಹಾಕಿರಲಿಲ್ಲ. ಇವರು ಹಗ್ಗದ ಮೇಲಿಂದ ಬಾಗಿ ಕೈ ಚಾಚಿದರು. ಕಾವಲಿಗಿದ್ದ ನೇಪಾಳದ ಯುವಕ ಓಡಿಬಂದು, “ಚಾಚಾ, ಹಾಥ್ ಮತ್ ಲಗಾವೋ,” ಎಂದು ಅವರ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

ನನಗೆ ರಕ್ತ ತಲೆಗೇರಿತು. “ಅರೆ, ಇವರು ಯಾರಂತ...” ಎಂದು ಶುರುಮಾಡಿದೆ. ಮೇಸ್ತ್ರಿ ನನ್ನ ತೋಳು ಹಿಡಿದರು.

“ಸುಮ್ನಿರಿ ಮಾರಾಯ್ರೆ. ಅವ ಸರಿಯಾಗಿಯೇ ಹೇಳಿದ್ದು.”

ಆಮೇಲೆ ಆ ಯುವಕನಿಗೆ ಹಿಂದಿಯಲ್ಲಿ, “ಬಾಗಿಲು ಪೂರ್ತಿ ಕೂತಿಲ್ಲಪ್ಪ. ನೀನೇ ಒಮ್ಮೆ ಒತ್ತಿಬಿಡು. ಮೇಲೆ ಅಲ್ಲ, ಹಿಡಿಕೆಯ ಕೆಳಗೆ,” ಎಂದರು. ಅವನು ಬಿಳಿ ಕೈಗವಸಿನ ಕೈಯಿಂದ ಅವರು ಹೇಳಿದ ಜಾಗದಲ್ಲೇ ಒತ್ತಿದ. ಟಕ್ ಎಂದಿತು. ಮೇಸ್ತ್ರಿ ತಲೆ ವಾಲಿಸಿ ಆ ಸದ್ದು ಕೇಳಿ, “ಈಗ ಸರಿ,” ಎಂದು ಹೇಳಿ ಬಸ್ಸಿಗೆ ಹೊರಟರು.